ಹಿಂದಿನ ಗೋಡೆಯ ಹಕ್ಕಿಗಳು

ನೆಲ್ಯಹುದಿಕೇರಿ
೪ ಮಾರ್ಚ್ ೧೯೩೧

ಪ್ರೀತಿಯ ಹೊನ್ನಮ್ಮನಿಗೆ,

ನಿನ್ನ ಬೋಜಪ್ಪನ ನಮಸ್ಕಾರ. ಹೆಂಡತಿಗೆ ನಮಸ್ಕಾರ ಬರೆಯುವುದುಂಟೇ ಎಂದು, ಇದನ್ನು ಓದಿ ಹೇಳುವ ನಿನ್ನ ಅಣ್ಣ ನಾಣಯ್ಯ ಬಾವ ನಕ್ಕಾರು. ನಗಲಿ. ಆಶೀರ್ವಾದ ಎಂದು ಬರೆಯುವ ಮುಖ ನನಗಿಲ್ಲ.

ನೀನು ತವರಿಗೆ ಹೋಗಿ ಹದಿನೇಳು ದಿನವಾಯಿತು. ಹೊಳೆ ಇಳಿದಿದೆ. ಹಿತ್ತಿಲ ಹಾಲುವಾಣದಲ್ಲಿ ಎಲೆಯೊಂದೂ ಇಲ್ಲ, ಬರೀ ಕೆಂಪು ಹೂವು. ಬೆಳಗಾದರೆ ಅದರ ತುಂಬ ಗೊರವಂಕಗಳ ಜಗಳ. ಕುಟ್ರು ಹಕ್ಕಿ ನಾನು ಉಣ್ಣುವ ಹೊತ್ತಿಗೂ ಬಾಯಿ ಮುಚ್ಚುವುದಿಲ್ಲ. ಇವೆರಡನ್ನು ಗುರುತಿಸಬಲ್ಲೆ. ಉಳಿದವೆಲ್ಲ ನನಗೆ ಸುಮ್ಮನೆ ಹಕ್ಕಿಗಳು.

ನಾಲ್ಕು ವರ್ಷ ನೀನು ಅಡಿಗೆಮನೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿದೆ. ಬಾಲ ಕುಣಿಸುವ ಕುಂಡೆಕುಸ್ಕ ಹೊರಟುಹೋದ ದಿನಕ್ಕೆ ಬಾಲದಂಥ ಉದ್ದ ಗೆರೆ, ಹಸಿರು ಹಕ್ಕಿ ಕಳ್ಳಿಪೀರ ಹೊಳೆದಂಡೆ ಕೊರೆಯಲು ತೊಡಗಿದ ದಿನಕ್ಕೆ ಒಂದು ಸೊನ್ನೆ. ತಾರೀಖು ಕೇಳಿದರೆ, ಹಕ್ಕಿಯೇನು ಕ್ಯಾಲೆಂಡರ್ ನೋಡ್ಕೊಂಡು ಬರ್ತದಾ ಎಂದು ನನ್ನನ್ನೇ ಗೇಲಿ ಮಾಡುತ್ತಿದ್ದೆ. ಅದನ್ನೆಲ್ಲ ನಿನ್ನ ಬಾಯಿಂದ ಕೇಳಿ, ಇಂಗ್ಲಿಷಿನಲ್ಲಿ ಬರೆದು ಎಸ್ಟೇಟಿನ ದೊರೆಗೆ ಕೊಟ್ಟೆ. ನಿನ್ನ ಹೆಸರು ಬರೆಯಲಿಲ್ಲ. ಬೊಂಬಾಯಿಯ ಪತ್ರಿಕೆಯಲ್ಲಿ ಅದು ಎಸ್ಟೇಟಿನ ಗುಮಾಸ್ತ, ರೈಟರ್ ಬೋಜಪ್ಪ ಕಂಡದ್ದೆಂದು ಅಚ್ಚಾಯಿತು. ದೊರೆ ಬೆನ್ನು ತಟ್ಟಿ ದುರ್ಬೀನು ಕೊಟ್ಟರು. ಅದನ್ನು ಕೊರಳಿಗೆ ಹಾಕಿಕೊಂಡು ಕೂಲಿಯವರ ಲೈನ್‌ಮನೆಗಳ ಮುಂದೆ ಎರಡೆರಡು ಸಲ ನಡೆದಾಡಿದೆ. ನೆನೆದರೆ ಮೈ ಹಿಡಿಯಾಗುತ್ತದೆ.

ನಿಮ್ಮ ಹಿತ್ತಿಲು ನೋಡಲು ಭಾನುವಾರ ಬರುತ್ತೇನೆ ಎಂದರು ದೊರೆ. ಮನೆಗೆ ಸುಣ್ಣ ಬಳಿ ಎಂದು ನಮ್ಮ ಆಳು ಕೆಂಚನಿಗೆ ಹೇಳಿದ್ದೆ. ಅವನು ತಿಳಿಯದೆ ಹಿಂದಿನ ಗೋಡೆಗೂ ಬಳಿದುಬಿಟ್ಟ. ನೀನು ಹೊರಟುಹೋದದ್ದು ಸರಿಯೇ.

ದೊರೆ ಬಂದರು. ಕಳ್ಳಿಪೀರ ಬರುವ ದಿನ ಮೊದಲೇ ಹೇಗೆ ತಿಳಿಯುತ್ತದೆ ಎಂದು ನನ್ನನ್ನು ಕೇಳಿದರು. ಬಿಳಿ ಗೋಡೆ ನೋಡುತ್ತ ನಿಂತೆ. ನಿನ್ನೆ ಬಂಗಲೆಗೆ ಹೋಗಿ ದುರ್ಬೀನು ಒಪ್ಪಿಸಿ, ಕಂಡದ್ದೆಲ್ಲ ನಾನಲ್ಲ, ನನ್ನ ಹೆಂಡತಿ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಅವಳ ಹೆಸರು ಬರೆದುಕೊಡು ಎಂದರು. ಬರೆದುಕೊಟ್ಟೆ.

ಮೊನ್ನೆ ಹೊಳೆಯಲ್ಲಿ ಆನೆಬಂಡೆಯ ಬೆನ್ನು ಕಂಡಿತು. ಇವತ್ತು ದಂಡೆಯಲ್ಲಿ ಹಸಿರು ಹಕ್ಕಿಗಳು ಮಣ್ಣು ಕೊರೆಯುತ್ತಿವೆ. ಬಂಡೆ ಕಂಡ ಎರಡು ದಿನಕ್ಕೆ ಅವು ಬರುತ್ತವೆ ಎಂದು ನೀನು ಹೇಳಿದ್ದು ಈಗ ನೆನಪಾಯಿತು. ಸೊನ್ನೆ ಹಾಕಲು ಇದ್ದಿಲು ಎತ್ತಿಕೊಂಡೆ; ಕೈ ಏಳಲಿಲ್ಲ. ನೀನೇ ಬಂದು ಹಾಕು.

ಇಂತಿ ನಿನ್ನೆದುರು ತಲೆ ಎತ್ತಲಾರದ,
ಬೋಜಪ್ಪ

ವಿ. ಸೂ.: ನಾಣಯ್ಯ ಬಾವ, ಇದನ್ನೂ ಗಟ್ಟಿಯಾಗಿ ಓದಿ ಹೇಳಿ, ಮನೆಯವರೆಲ್ಲ ಕೇಳಲಿ. ದೊರೆ ಬರುವ ಮುನ್ನಾದಿನ, ಶನಿವಾರ, ಕೆಂಚ ಊರಲ್ಲೇ ಇರಲಿಲ್ಲ, ಚೆಟ್ಟಳ್ಳಿಗೆ ಹೋಗಿದ್ದ. ಗೋಡೆಗೆ ಸುಣ್ಣ ಬಳಿದದ್ದು ನಾನು. ಗುರುತು ಯಾರದೆಂದು ದೊರೆ ಕೇಳಿಯಾರೆಂಬ ಹೆದರಿಕೆಗೆ, ಹೊನ್ನಮ್ಮ ಹೊಳೆಗೆ ಹೋದ ಹೊತ್ತು ನೋಡಿ ಬಳಿದೆ. ಅವಳಿಗೆ ಇದು ಗೊತ್ತು. ಸುಣ್ಣಕ್ಕೆ ಬೆಂದಿದ್ದ ನನ್ನ ಬೆರಳುಗಳಿಗೆ, ಒಂದು ಮಾತೂ ಕೇಳದೆ ಕೊಬ್ಬರಿ ಎಣ್ಣೆ ಹಚ್ಚಿ, ಆಮೇಲೆ ಬಟ್ಟೆಯ ಗಂಟು ಕಟ್ಟಿಕೊಂಡಳು.