ಹತ್ತು ಮಣಿಗೆ ಐದರಂತೆ

ಜೂನ್ 10, ಸಂಜೆ ಏಳೂವರೆ

ಅಂಗಡಿ ಮುಚ್ಚಿ, ಕೈಗಂಟಿದ ಬೀಗದ ಎಣ್ಣೆ ತೊಳೆದು, ತಂಗಿಯ ಮನೆಗೆ ಬಂದು ಕೂತಿದ್ದೇನೆ. ಜಪಸರದ ಐವತ್ತಮೂರು ನಮೋ ಮರಿಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವನು ಭೂಮಂಡಲದಲ್ಲಿ ನಾನೊಬ್ಬನೇ. ಆಗ ಆರನೇ ಕ್ಲಾಸು. ಬಿಷಪ್ಪರೇ ಕುರ್ಚಿಯಿಂದ ಎದ್ದು ಬೆನ್ನು ತಟ್ಟಿದರು. ಇಂಥವನಿಗೆ ತಂಗಿಯ ಇಬ್ಬರು ಹುಡುಗಿಯರಿಗೆ ಜಪ ಕಲಿಸುವುದು ಯಾವ ಮಹಾ?

ಅಮ್ಮ ಇದ್ದಷ್ಟು ದಿನ ಈ ಮನೆಯಲ್ಲಿ ಸಂಜೆಯ ಜಪ ತಪ್ಪಿರಲಿಲ್ಲ. ಹೋದ ಮೇಲೆ ಜಪಸರ ಮೊಳೆಯಲ್ಲೇ ತೂಗುತ್ತಿದೆ. ಭಾವ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ. ತಂಗಿಗೆ ಲಾಂಡ್ರಿಯಲ್ಲಿ ಸಂಜೆ ಶಿಫ್ಟು. ನೀನೇ ಅವರ ಜ್ಞಾನಸ್ನಾನದ ತಂದೆಯಲ್ಲವಾ ಅಣ್ಣಾ, ನಾಳೆ ನಾವಿಲ್ಲದಾಗ ಅವರ ಬಾಯಲ್ಲಿ ಏನಾದರೂ ಉಳಿಯಬೇಕು ಅಂದಳು. ಕಣ್ಣೊರೆಸಿಕೊಂಡಳು. ತಿಂಗಳೊಪ್ಪತ್ತಿನಲ್ಲಿ ಇಬ್ಬರನ್ನೂ ಸಂತರನ್ನಾಗಿ ಮಾಡಿಕೊಡುತ್ತೇನೆ ಅಂದೆ.

ದೊಡ್ಡವಳಿಗೆ ಹದಿಮೂರು, ಪುಟ್ಟಿಗೆ ಎಂಟು. ಇಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ. ಉಪಾಯ ಹೂಡಿದೆ — ಹತ್ತು ಮಣಿಗೆ ಐದು. ತಲಾ. ಮುಗಿದ ಕೂಡಲೇ ಕೈಗೆ ಕಾಸು. ಫೋನ್ ಮಗುಚಿಟ್ಟರು. ಬುದ್ಧಿ ಅಂದರೆ ಇದು.

ಜೂನ್ 14

ಜಪಸರದ ಐದೂ ಹತ್ತು ಪೂರ್ತಿ, ದಿನಾ. ಗಿಣಿಗಳ ಹಾಗೆ. ಪಕ್ಕದ ಮನೆಯ ದರ್ಜಿ ಕಿಟಕಿಯಲ್ಲಿ ಇಣುಕಿ, ಏನಯ್ಯಾ, ಮನೆಯನ್ನೇ ಮಠ ಮಾಡಿಬಿಟ್ಟೆಯಲ್ಲ ಅಂದ. ಮೀಸೆ ತಿರುವಿದೆ. ತಂಗಿಯ ಹತ್ತಿರ ಕಾಸಿನ ಸುದ್ದಿ ಎತ್ತಿಲ್ಲ. ಸುಮ್ಮನೆ ಯಾಕೆ...

ಜೂನ್ 22

ರೇಟು ಹತ್ತಾಯಿತು. ಪರೀಕ್ಷೆ ಹತ್ತಿರ, ಟೈಮಿಗೆ ಬೆಲೆ ಇದೆ ಎಂದು ದೊಡ್ಡವಳ ವಾದ. ಲಾಯರ್ ಆಗುತ್ತಾಳೆ, ಬರೆದಿಟ್ಟಿರಲಿ. ಜಪದ ಮೊದಲಿಗೆ ಹೇಳುವ ವಿಶ್ವಾಸ ಸಂಗ್ರಹ ಉದ್ದವಿದೆಯೆಂದು ಅದಕ್ಕೆ ಬೇರೆ ನಲವತ್ತು ಕಿತ್ತರು. ಒಂದೇ ಸಲ.

ಜುಲೈ 13

ಅವಸರ ಜಾಸ್ತಿಯಾಗಿದೆ. ಮರಿಯಮ್ಮನ ಹೆಸರನ್ನೇ ಅರ್ಧ ನುಂಗುತ್ತಾರೆ. ಗದರಿದೆ. ಆದರೆ ನಾನೂ ಜೇಬಿನೊಳಗೆ ಬೆರಳಾಡಿಸುತ್ತಾ ಕೂತಿದ್ದೆ — ಮಣಿ ಅಲ್ಲ, ಚಿಲ್ಲರೆ. ಅಮ್ಮ ಜಪಕ್ಕೆ ಕೂತರೆ ಕಣ್ಣು ಮುಚ್ಚುತ್ತಿದ್ದಳು.

ಜುಲೈ 21, ಭಾನುವಾರ, ಮಧ್ಯಾಹ್ನ

ಪುಟ್ಟಿಗೆ ಮುಂದಿನ ತಿಂಗಳು ಮೊದಲ ಪರಮಪ್ರಸಾದ ಆಗಬೇಕಿತ್ತು. ಪೂಜೆ ಮುಗಿಸಿ ಫಾದರ್ ಮನೆಗೇ ಬಂದರು, ಜಪ ಕೇಳಲು. ತಂಗಿ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಸಿದ್ದಳು. ಒಂದು ನಮೋ ಮರಿಯ ಹೇಳು ಮಗು ಅಂದರು. ಪುಟ್ಟಿ ನನ್ನತ್ತ ತಿರುಗಿದಳು.

"ಮಾವಾ, ಒಂದೇ ಹೇಳಿದ್ರೆ ಒಂದು ಕೊಡ್ತೀಯಾ?"

ಫಾದರ್‌ಗೆ ತಿಳಿಯಲಿಲ್ಲ. ದೊಡ್ಡವಳು ಬಿಡಿಸಿ ಹೇಳಿದಳು, ರೇಟು ಸಮೇತ. ಅವರು ಲೋಟ ಕೆಳಗಿಟ್ಟರು. ಪರಮಪ್ರಸಾದ ಬರುವ ವರ್ಷ ನೋಡೋಣ ಎಂದು ಎದ್ದರು. ತಂಗಿ ಬಾಗಿಲವರೆಗೆ ಕಳಿಸಲು ಹೋದವಳು ಅಲ್ಲೇ ನಿಂತಳು.

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟು ದಿನ ಅವಕ್ಕೆ ಏನೂ ಗೊತ್ತಿರಲಿಲ್ಲ ಅಣ್ಣಾ, ಕಲಿಸಬಹುದಿತ್ತು. ಈಗ ರೇಟು ಗೊತ್ತಾಗಿದೆ. ಅದನ್ನ ಹೇಗೆ ಮರೆಸಲಿ?"

ಎಷ್ಟು ಕೊಟ್ಟೆ ಎಂದು ಕೇಳಿದಳು. ಇನ್ನೂರು ಅಂದೆ.

ಜುಲೈ 22

ಇನ್ನು ಕಾಸಿಲ್ಲ, ಹಾಗೇ ಜಪಕ್ಕೆ ಬನ್ನಿ ಅಂದೆ. ದೊಡ್ಡವಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಒಳಗೆ ಹೋದಳು. ಪುಟ್ಟಿ ಸ್ವಲ್ಪ ಹೊತ್ತು ಕಾದು ನೋಡಿ ಅಕ್ಕನ ಹಿಂದೆ ಹೋದಳು. ಒಬ್ಬನೇ ಮೊಣಕಾಲೂರಿದೆ. ಮೂರನೇ ಹತ್ತಕ್ಕೆ ಯೇಸುವಿನ ಬಾಳಿನ ಯಾವ ರಹಸ್ಯ ಧ್ಯಾನಿಸಬೇಕೆಂದು ನೆನಪಾಗಲಿಲ್ಲ. ಅದನ್ನೆಲ್ಲ ಅಮ್ಮ ಹೇಳುತ್ತಿದ್ದಳು. ನಾನು ತುಟಿ ಆಡಿಸುತ್ತಿದ್ದೆ.

ಆಗಸ್ಟ್ 4, ಸಂಜೆ

ಪುಟ್ಟಿ ಒಂದು ಡಬ್ಬಿ ತಂದು ನನ್ನ ಮುಂದಿಟ್ಟಳು.

"ಇದ್ರಲ್ಲಿ ಅರವತ್ತಿದೆ ಮಾವಾ, ತಗೋ. ಇನ್ಮೇಲೆ ನನ್ನ ಜಪಕ್ಕೆ ಕರೀಬೇಡ. ಸಾಕಾಗತ್ತಾ?"

ಮುಖದಲ್ಲಿ ಸಿಟ್ಟಿರಲಿಲ್ಲ. ಗಿರಾಕಿ ಕೇಳುವ ಹಾಗೆ ಕೇಳಿದಳು. ಸಾಕು ಅಂದೆನೋ, ಬೇಡ ಅಂದೆನೋ... ಡಬ್ಬಿ ಇಲ್ಲೇ ಬಿಟ್ಟು ಆಡಲು ಓಡಿದಳು.

ಇನ್ನೂರಲ್ಲ. ಮೂರು ಸಾವಿರದ ಐನೂರ ನಲವತ್ತು. ಇದರಲ್ಲಿ ಈ ಅರವತ್ತು ಕಳೆದರೆ, ಹೋದದ್ದು ಮೂರು ಸಾವಿರದ ನಾನೂರ ಎಂಬತ್ತು. ಅಷ್ಟು ಕೊಟ್ಟು ನಾನು ಆ ಮಗುವಿನ ಬಾಯಿಂದ ಜಪವನ್ನೇ —