ಹತ್ತರಲ್ಲಿ ಒಬ್ಬ ಇಲ್ಲ

ಸ್ಕಾರ್‌ಬಿ ಹಳ್ಳಿ, ಲಿಂಕನ್ ಸೀಮೆ
ಸಂತ ಮಾರ್ಟಿನ್ ಹಬ್ಬದ ನಂತರದ ಗುರುವಾರ, ಹೆನ್ರಿ ದೊರೆಯ ಐವತ್ತೆರಡನೆಯ ವರ್ಷ

ಪ್ರೀತಿಯ ತಮ್ಮ ಥರ್ಸ್ಟನ್,

ಹೇಗಿದ್ದೀಯಪ್ಪಾ? ಕಲ್ಲುಕೆಲಸದ ಧೂಳಿಗೆ ಹಳೆಯ ಕೆಮ್ಮು ಕೆರಳಿಲ್ಲ ತಾನೆ? ಶನಿವಾರ ನೀನು ಲಿಂಕನ್‌ಗೆ ಹೊರಟ ಮೇಲೆ ಅಮ್ಮನ ಮೊಣಕಾಲಿನ ನೋವು ಇಳಿದಿದೆ, ಬಾಯಿಯ ಜೋರು ಏರಿದೆ. ಉಳಿದವರೆಲ್ಲ ಕ್ಷೇಮ, ಒಬ್ಬನನ್ನು ಬಿಟ್ಟು.

ಆ ಒಬ್ಬ ಸೂಜಿ ಮಾರಲು ಬಂದಿದ್ದ ಪರವೂರಿನವನು. ಮಂಗಳವಾರ ಬೆಳಗ್ಗೆ ಗಿರಣಿ ಕಾಲುವೆಯಲ್ಲಿ ತಲೆ ಒಡೆದು ಬಿದ್ದಿದ್ದ. ಮೊದಲು ಕಂಡವಳು ಬಾರ್ಲಿ ಹೆಂಡ ಕಾಯಿಸುವ ಹಾವಿಸಕ್ಕ. ಕಂಡವರು ಊರು ಕೇಳುವಂತೆ ಕೂಗಲೇಬೇಕಲ್ಲ, ಕೂಗಿದಳು. ಕೂಗಿದ್ದೇ ತಪ್ಪಾಯಿತು. "ನಿಂಗೇ ಮೊದ್ಲು ಹೆಂಗೆ ಕಾಣಿಸ್ತಕ್ಕಾ?" ಎಂದು ಎಲ್ಲರದೂ ಒಂದೇ ರಾಗ. ಅವಳೂ ಬಿಡುವವಳಲ್ಲ: "ನಿಮ್ ಕಣ್ಣು ನನ್ ಪೀಪಾಯಿ ಬಿಟ್ಟು ಬೇರೆ ಕಡೆ ಹೋದ್ರಲ್ವೇನ್ರೋ ಕಾಣ್ಸೋದು!" ರಾಜನ ಅಧಿಕಾರಿ ಬಂದು ನೋಡುವ ತನಕ ಹೂಳುವಂತಿಲ್ಲ. ಹಾಗಾಗಿ ಹೆಣಕ್ಕೊಂದು ಕಾವಲು, ಆ ಕಾವಲಿಗೊಂದು ಕಾವಲು.

ಅಧಿಕಾರಿ ಸೋಮವಾರ ಬರುತ್ತಾನೆ. ಕೊಂದವನನ್ನು ಹಿಡಿದು ಕೊಡದಿದ್ದರೆ ದಂಡ ಇಡೀ ಊರಿಗೆ. ಒಬ್ಬರಿಗೊಬ್ಬರು ಜಾಮೀನು ನಿಂತ ನಮ್ಮ ಹತ್ತು ಜನರಲ್ಲಿ ಒಬ್ಬ ಗೈರಾದರೂ ಉಳಿದವರಿಗೆ ದಂಡ. ನಮ್ಮ ಹತ್ತರ ಹಿರಿಯ ಹಾಮೊ ಅಣ್ಣ ದಿನಾ ಎಣಿಸುತ್ತಾನೆ, ದಿನಾ ಒಂಬತ್ತೇ ಬರುತ್ತದೆ. ಪಾಪ, ಎಡಗೈಯಲ್ಲೇ ಎಣಿಸಬೇಕು. ಹಬ್ಬಕ್ಕೆ ಹಂದಿ ಕೊಯ್ಯುವಾಗ ಬಲಗೈ ಕೊಯ್ದುಕೊಂಡನಂತೆ, ಬಟ್ಟೆ ಸುತ್ತಿದ್ದಾನೆ. "ಶುಕ್ರವಾರ ನಿನ್ ತಮ್ಮ ಆ ಸೂಜಿಯೋನ ಹತ್ರ ಜಗಳ ಆಡಿದ್ನಲ್ಲ, ಅದೇನ್ ಮಹಾ ಬಿಡು. ಬಂದು ಒಂದ್ ಮಾತು ಹೇಳಿ ಹೋಗ್ಲಿ" ಎನ್ನುತ್ತಾನೆ. ಉಳಿದ ಎಂಟೂ ಜನ ಈಗ ನನ್ನ ಸುತ್ತ ನಿಂತೇ ಇದನ್ನು ಬರೆಸುತ್ತಿದ್ದಾರೆ. ನಿನ್ನ ಮೇಲೆ ಅಷ್ಟು ಅಕ್ಕರೆ. ಕಾಗದ ತರುವ ಗಿಲ್ಬರ್ಟನ ಜೊತೆಯಲ್ಲೇ ಹೊರಟು ಬಾ. ಹೆದರುವಂಥದ್ದು ಏನೂ ಇಲ್ಲ.

ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿರಲಿ. ಹಾಮೊ ಅಣ್ಣ ನಿನ್ನನ್ನು ಬಹಳ ನೆನೆಸುತ್ತಾನೆ.

ನಿನ್ನ ಅಣ್ಣ
ರೇನರ್

ತಾ.ಕ.: ಮೇಲಿನದನ್ನೆಲ್ಲ ಇವರಿಗೆ ಗಟ್ಟಿಯಾಗಿ ಓದಿ ಹೇಳಿದ್ದೇನೆ, ಇದನ್ನು ಓದುವುದಿಲ್ಲ. ಊರಿನಲ್ಲಿ ಪಾದ್ರಿಯ ಬೆತ್ತ ತಿಂದು ಅಕ್ಷರ ಕಲಿತವರು ನಾವಿಬ್ಬರೇ, ಆ ಪೆಟ್ಟೆಲ್ಲ ಇವತ್ತು ಸಾರ್ಥಕ. ಬರಬೇಡ. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ಸೂಜಿಯವನು ನಮ್ಮೆಲ್ಲರ ನಡುವೆ ಮಂಡಿಯೂರಿದ್ದ. ಅಷ್ಟರಲ್ಲಿ ನೀನು ಊರು ಬಿಟ್ಟು ಒಂದು ದಿನವಾಗಿತ್ತು. ಈಗ ಎಂಟೂ ಜನ ಅವನನ್ನು ಕೊನೆಗೆ ಕಂಡದ್ದು ಶುಕ್ರವಾರ ಎಂದು ಆಣೆಯಿಡಲು ಒಪ್ಪಿದ್ದಾರೆ. ಹಾಮೊ ಕೊಯ್ದೆನೆಂದ ಹಂದಿ ದೊಡ್ಡಿಯಲ್ಲಿ ಗುರುಗುಟ್ಟುತ್ತಿದೆ. ಗಿಲ್ಬರ್ಟನಿಗೆ ಕುಡಿಸಿ ಮಲಗಿಸಿ ಉತ್ತರದ ದಾರಿ ಹಿಡಿ. ನೀನು ಸಿಗದಿದ್ದರೆ ಅವರಿಗೆ ಬೇರೊಬ್ಬ ಬೇಕು, ಒಂಬತ್ತರಲ್ಲಿ ಭಾನುವಾರವನ್ನು ಮರೆಯದವನು ನಾನೊಬ್ಬನೇ. ಆದ್ದರಿಂದ ನನ್ನದೇ ಕೈಬರಹದಲ್ಲಿ ಇನ್ನೊಂದು ಕಾಗದ ಬಂದರೂ ನಂಬಬೇಡ. ಹಾಮೊ ಬಗ್ಗಿ ನೋಡುತ್ತಿದ್ದಾನೆ: "ಒಂದ್ ಹೆಸರು ಹಾಕಕ್ಕೆ ಇಷ್ಟುದ್ದ ಬೇಕೇನೋ?"