ಭತ್ತದ ವೇಷ ಹಾಕಿದ ಹುಲ್ಲು, ಕೆರಿಯಮ್ಮನ ತಲೆಗೆ ಕಟ್ಟಿದ ತಪ್ಪು

ತೀರ್ಥಹಳ್ಳಿ, ಜೂನ್ 1966

ಬೀಜೋತ್ಪಾದನಾ ಕ್ಷೇತ್ರದ ಅಧಿಕಾರಿಗಳಿಗೆ,

ಮಾನ್ಯರೇ,

ಹೊಸನಗರ ದಾರಿಯ ನಿಮ್ಮ ಭತ್ತದ ಗದ್ದೆಯಲ್ಲಿ ಒಂಬತ್ತು ವರ್ಷ ಕಳೆ ಕಿತ್ತ ಕೆರಿಯಮ್ಮನವರನ್ನು "ಕೆಲಸದಲ್ಲಿ ಉದಾಸೀನ" ಎಂದು ಬರೆದು ಮನೆಗೆ ಕಳಿಸಿದಿರಿ. ತೆನೆ ಹೊರಟಾಗ ಭತ್ತದ ನಡುವೆ ಕಳೆ ಹುಲ್ಲೂ ತೆನೆ ಬಿಟ್ಟಿತ್ತು, ಅದೇ ಅಪರಾಧ. ಮೂರು ಅರ್ಜಿ ಬರೆದೆ. ಓದುವಷ್ಟು ಪುರುಸೊತ್ತು ತಮಗೆ ಎಲ್ಲಿಂದ ಬರಬೇಕು? ಆದ್ದರಿಂದ ಈ ಸಲ ಪತ್ರಿಕೆಗೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಪ್ರಕೃತಿಯ ಆಯ್ಕೆಯಿಂದ ಜೀವಿಗಳು ಬದಲಾಗುತ್ತವೆ ಎಂದು ವರ್ಷ ವರ್ಷವೂ ಪಾಠ ಹೇಳುತ್ತೇನೆ. ಪುಸ್ತಕದಲ್ಲಿರುವ ಉದಾಹರಣೆ ಜಿರಾಫೆಯ ಕತ್ತು! ತುಂಗೆಯ ದಡದ ಮಕ್ಕಳು ಜಿರಾಫೆಯನ್ನು ಎಲ್ಲಿ ಕಂಡಾರು? ಕಳೆ ಹೇಗೆ ಉಳಿಯಿತೆಂದು ಕೇಳಿದಾಗ ಕೆರಿಯಮ್ಮ ನನ್ನ ಮೇಲೇ ರೇಗಿದರು.

"ಬ್ಯಾರೆ ಥರ ಕಂಡದ್ನೆಲ್ಲ ನಮ್ಮಜ್ಜಿ ಕಾಲದಿಂದ ಕೀಳ್ತಾನೇ ಬಂದೀವಿ, ಮೇಷ್ಟ್ರೇ. ಭತ್ತದಂಗೇ ನಿಂತದ್ದು ಕೈ ತಪ್ಪಿ ಉಳ್ಕಂತು, ಬೀಜ ಉದುರಿಸ್ತು. ಈಗ ಹುಟ್ಟದೆಲ್ಲ ಅದ್ರ ಮಕ್ಳು ಮೊಮ್ಮಕ್ಳು. ನಾ ಎಂತ ಮಾಡ್ಲಿ?"

ಇಡೀ ಸಿದ್ಧಾಂತವೇ ಆ ಮಾತಿನಲ್ಲಿತ್ತು. ಹುಲ್ಲಿನಲ್ಲಿ ಗಿಡಕ್ಕೂ ಗಿಡಕ್ಕೂ ವ್ಯತ್ಯಾಸವಿರುತ್ತದೆ. ಕೈಗೆ ಸಿಕ್ಕಿದ್ದು ಸಾಯುತ್ತದೆ, ಸಿಗದದ್ದು ತನ್ನ ರೂಪವನ್ನು ಬೀಜಕ್ಕೆ ಕೊಡುತ್ತದೆ. ಹೀಗೆ ನೂರಾರು ಪೈರು ಕಳೆದರೆ ಹುಲ್ಲು ಭತ್ತದ ತದ್ರೂಪಾಗುತ್ತದೆ. ಅದು ಹಾಗಾಗಲಿ ಎಂದು ಯಾರೂ ಬಯಸಲಿಲ್ಲ, ಹುಲ್ಲು ಕೂಡ. ಆಕೆಯ ಕೈ ಚುರುಕಾದಷ್ಟೂ ಉಳಿದ ಹುಲ್ಲು ಭತ್ತವನ್ನೇ ಹೋಲುತ್ತದೆ ಸ್ವಾಮೀ! ಉದಾಸೀನದಿಂದ ಇದು ಸಾಧ್ಯವೇ?

ಅರ್ಜಿಯಲ್ಲಿ ಇದನ್ನೇ ಬರೆದಿದ್ದೆ, ನೀವು ಓದಲಿಲ್ಲ. ಅದಕ್ಕೇ ರಸ್ತೆ ಬದಿಯ ಹುಲ್ಲಿನ ಬೀಜ ಒಂದು ಕುಂಡದಲ್ಲಿ, ನಿಮ್ಮ ಗದ್ದೆಯ ಅದೇ ಜಾತಿಯ ಹುಲ್ಲಿನ ಬೀಜ ಇನ್ನೊಂದರಲ್ಲಿ, ಭತ್ತ ಮೂರನೆಯದರಲ್ಲಿ ಬಿತ್ತಿದೆ. ಒಂದೇ ಮಣ್ಣು, ಒಂದೇ ನೀರು. ರಸ್ತೆಯದು ಕೆಂಪು ಬುಡ ಬಿಟ್ಟು ನೆಲಕ್ಕೆ ಹರಡಿತು. ಗದ್ದೆಯದು ಹಸಿರಾಗಿ, ನೆಟ್ಟಗೆ, ಭತ್ತದಂತೆಯೇ ನಿಂತಿತು. ಬೇಸಿಗೆ ರಜೆಯೆಲ್ಲ ನೀರು ಹೊತ್ತು, ಕಳೆದ ತಿಂಗಳು ಮೂರನ್ನೂ ನಿಮ್ಮ ಮೇಜಿನ ಮೇಲಿಟ್ಟು, "ಭತ್ತ ಯಾವುದು ಸ್ವಾಮೀ?" ಎಂದು ಕೇಳಿದೆ. ತಾವು ಕನ್ನಡಕ ಸರಿಮಾಡಿಕೊಂಡು, "ಇದೂ ಗೊತ್ತಾಗುವುದಿಲ್ಲವೇನ್ರೀ?" ಎಂದು ಗದ್ದೆಯ ಹುಲ್ಲನ್ನು ತೋರಿಸಿದಿರಿ. ನಿಮ್ಮ ಜವಾನ ಗಿರಿಯಪ್ಪ ನಗು ತಡೆಯಲಾರದೆ ಹೊರಗೆ ಓಡಿದ. ಎಲೆ ಕಾಂಡಕ್ಕೆ ಸೇರುವಲ್ಲಿ ಭತ್ತಕ್ಕೆ ತೆಳ್ಳನೆಯ ಪೊರೆಯಿದೆ, ಹುಲ್ಲಿಗಿಲ್ಲ ಎಂದು ತೋರಿಸಹೋದರೆ, ಕುಂಡಗಳನ್ನು ಹೊರಗಿಡಿಸಿದಿರಿ.

ಇತ್ತ "ಉದಾಸೀನದವಳು" ಎಂಬ ಹೆಸರು ಊರೂರು ತಿರುಗಿದೆ. ಈ ಮಳೆಗಾಲದ ಕಳೆ ಕೆಲಸಕ್ಕೆ ಒಬ್ಬರೂ ಕೆರಿಯಮ್ಮನಿಗೆ ಹೇಳಿಟ್ಟಿಲ್ಲ.

ನಾಟಿಗೆ ಮೊದಲು ಆಕೆಯನ್ನು ಕೆಲಸಕ್ಕೆ ಕರೆಯಿರಿ. ಕಾಗದ ಕಳಿಸಬೇಡಿ, ಆಕೆಗೆ ಓದಲು ಬಾರದು. ತಾವೇ ಗದ್ದೆಗಿಳಿದು, ಹತ್ತು ಜನರೆದುರು, "ನನಗೂ ಗುರುತು ಸಿಗಲಿಲ್ಲ, ಕೆರಿಯಮ್ಮ" ಎಂದು ಹೇಳಿ. ಹೇಳಲಾರಿರಾದರೆ, ಹುಲ್ಲು ಗುರುತಿಸದ ತಪ್ಪಿಗೆ ಆಕೆಗೆ ಕೊಟ್ಟ ಶಿಕ್ಷೆಯನ್ನೇ ತಾವೂ ತೆಗೆದುಕೊಳ್ಳಿ.

ಇಂತಿ,
ತಾನು ಕಲಿಸುವ ಪಾಠವನ್ನು ಕಳೆ ಕೀಳುವಾಕೆಯಿಂದ ತಡವಾಗಿ ಕಲಿತ
ಮುಕುಂದಯ್ಯ ಮೇಷ್ಟ್ರು